ಬುಗುರಿ ತಿರುಗುವ ಕೋಣೆಯ ನಾಲ್ಕನೆಯ ವ್ಯಕ್ತಿ

ಜಾಲಹಳ್ಳಿಯ ಮಕ್ಕಳಿಗೆ ರೇಡಿಯೋ, ರೇಡಾರು ಎಂಬ ಮಾತುಗಳು ಪಠ್ಯಪುಸ್ತಕ ತೆರೆಯುವ ಮೊದಲೇ ಕಿವಿಗೆ ಬಿದ್ದಿರುತ್ತವೆ. ಅಪ್ಪನೋ ತಾತನೋ ಪಕ್ಕದ ಮನೆಯವರೋ, ಯಾರಾದರೊಬ್ಬರು ಬಿ.ಇ.ಎಲ್.ನಲ್ಲಿ ದುಡಿದವರು ಇದ್ದೇ ಇರುತ್ತಾರೆ. 1954ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು, 1964ರಲ್ಲಿ ಆಕಾಶವಾಣಿಗೆ ಬೇಕಾದ ಟ್ರಾನ್ಸ್‌ಮಿಟರುಗಳನ್ನು ತಯಾರಿಸತೊಡಗಿತು. 1970ರಲ್ಲಿ ಎಕ್ಸ್-ರೇ ಟ್ಯೂಬುಗಳ ಸರದಿ ಬಂತು. ಎಲೆಕ್ಟ್ರಾನಿಕ್ಸಿಗೂ ಆಸ್ಪತ್ರೆಗೂ ಇರುವ ನಂಟು ಈ ಊರಿಗೆ ಹೊಸದೇನಲ್ಲ.

ಈ ಊರಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಾತನ ಜೊತೆ ಆಸ್ಪತ್ರೆಗೆ ಹೋಗಿದ್ದಾಳೆ ಎಂದಿಟ್ಟುಕೊಳ್ಳಿ. ತಾತನಿಗೆ ಬೆನ್ನುಹುರಿಯ ಎಂ.ಆರ್.ಐ. ಆಗಬೇಕು. ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು. "ಅಣ್ಣಾ, ಒಳಗೆ ಏನನ್ನು ಬಡೀತಿದ್ದಾರೆ?" ಎಂದು ಅವಳು ಕೇಳುತ್ತಾಳೆ. ಯಂತ್ರ ನಡೆಸುವ ಟೆಕ್ನಿಷಿಯನ್ನಿಗೆ ಮುಂದಿನ ರೋಗಿಯನ್ನು ಕರೆಯುವ ಆತುರ. ಚಿತ್ರ ನೋಡಿ ವರದಿ ಬರೆಯುವ ರೇಡಿಯಾಲಜಿಸ್ಟ್ ಡಾಕ್ಟರು ಬೇರೆ ಕೋಣೆಯಲ್ಲಿ. ಯಂತ್ರ ಕೆಟ್ಟರೆ ಬರುವ ಕಂಪನಿಯ ಎಂಜಿನಿಯರು ಇನ್ನೆಲ್ಲೋ. ಅವಳ ಪ್ರಶ್ನೆಗೆ ಉತ್ತರ ಹೇಳುವುದೇ ಕೆಲಸವಾಗಿರುವ ನಾಲ್ಕನೆಯ ವ್ಯಕ್ತಿಯೊಬ್ಬರು ಇರಬೇಕಿತ್ತು. ಬ್ರಿಟನ್ನಿನಂಥ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಅಂಥವರಿದ್ದಾರೆ. ಅಲ್ಲಿ ಅವರನ್ನು ಕ್ಲಿನಿಕಲ್ ಸೈಂಟಿಸ್ಟ್ ಎನ್ನುತ್ತಾರೆ. ಓದಿರುವುದು ಭೌತಶಾಸ್ತ್ರ, ಕೆಲಸ ಆಸ್ಪತ್ರೆಯಲ್ಲಿ. ನಮ್ಮ ವಿದ್ಯಾರ್ಥಿಗಳು ಹೆಚ್ಚು ಕೇಳಿರದ ಈ ವೃತ್ತಿಯ ಪರಿಚಯ ಈ ವಾರ.

ಒಳಗೆ ನಡೆಯುವುದೇನು?

ಮೊದಲು ಯಂತ್ರವನ್ನು ಅರ್ಥ ಮಾಡಿಕೊಳ್ಳೋಣ. ನಮ್ಮ ದೇಹದ ಬಹುಪಾಲು ನೀರು. ನೀರಿನ ಪ್ರತಿ ಅಣುವಿನಲ್ಲೂ ಎರಡು ಜಲಜನಕದ ಪರಮಾಣುಗಳು. ಅದರ ಬೀಜಕೇಂದ್ರದಲ್ಲಿರುವ ಪ್ರೋಟಾನು ಒಂದು ಪುಟಾಣಿ ಆಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅದು ಬುಗುರಿಯಂತೆ ತಲೆ ಆಡಿಸುತ್ತದೆ. ಚಾಟಿ ಎಳೆದು ಬಿಟ್ಟ ಬುಗುರಿ ಸುಸ್ತಾಗುವ ಹೊತ್ತಿಗೆ ತನ್ನ ಸುತ್ತ ತಾನು ತಿರುಗುತ್ತಲೇ ಓಲಾಡುವುದನ್ನು ನೋಡಿದ್ದೀರಲ್ಲ, ಅದೇ ಚಲನೆ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಓಲಾಟ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾ ಯಂತ್ರದಲ್ಲಿ ಸುಮಾರು 128 ಮೆಗಾಹರ್ಟ್ಸ್. ನಾವು ಕೇಳುವ ಎಫ್.ಎಂ. ರೇಡಿಯೋ 88ರಿಂದ 108 ಮೆಗಾಹರ್ಟ್ಸ್ ನಡುವೆ ಬರುತ್ತದೆ. ಅಂದರೆ ಒಂದು ಯಂತ್ರ ಎಫ್.ಎಂ.ಗಿಂತ ಸ್ವಲ್ಪ ಕೆಳಗೆ, ಇನ್ನೊಂದು ಸ್ವಲ್ಪ ಮೇಲೆ. ಎಂ.ಆರ್.ಐ. ಎಂದರೆ ದೇಹದೊಳಗಿನ ನೀರನ್ನೇ ನಿಲಯ ಮಾಡಿಕೊಂಡ ರೇಡಿಯೋ!

ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಜೀಕು ಏರುತ್ತಾ ಹೋಗುತ್ತದೆ, ಅಡ್ಡಾದಿಡ್ಡಿ ತಳ್ಳಿದರೆ ಏರದು. ಪ್ರೋಟಾನೂ ಹಾಗೆಯೇ. ಅದರ ಓಲಾಟದ ಲಯಕ್ಕೆ ಹೊಂದುವ ರೇಡಿಯೋ ತರಂಗ ಕೊಟ್ಟರೆ ಶಕ್ತಿ ಹೀರುತ್ತದೆ, ತರಂಗ ನಿಲ್ಲಿಸಿದರೆ ತಾನೇ ಪುಟ್ಟ ರೇಡಿಯೋ ಸಂಕೇತ ಹೊರಡಿಸುತ್ತದೆ. ಇದೇ ಅನುರಣನ. ಈ ಸಂಕೇತ ಎಷ್ಟು ಕ್ಷೀಣವೆಂದರೆ, 1.5 ಟೆಸ್ಲಾ ಕ್ಷೇತ್ರದಲ್ಲೂ ಹತ್ತು ಲಕ್ಷ ಪ್ರೋಟಾನುಗಳಲ್ಲಿ ಸುಮಾರು ಐದರಷ್ಟು ಹೆಚ್ಚುವರಿ ಮಾತ್ರ ಒಂದೇ ದಿಕ್ಕಿಗೆ ನಿಂತು ನಮ್ಮ ಲೆಕ್ಕಕ್ಕೆ ಸಿಗುತ್ತವೆ.

ಸಂಕೇತ ದೇಹದ ಯಾವ ಭಾಗದಿಂದ ಬಂತೆಂದು ತಿಳಿಯುವುದು ಹೇಗೆ? ಅಮೆರಿಕದ ಪಾಲ್ ಲಾಟರ್‌ಬರ್ 1973ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಕಾಂತಕ್ಷೇತ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಏರಿಸಿದರೆ ಪ್ರತಿ ಸ್ಥಳದ ಪ್ರೋಟಾನಿಗೂ ಬೇರೆ ಬೇರೆ ಶ್ರುತಿ. ಶ್ರುತಿ ತಿಳಿದರೆ ಸ್ಥಳ ತಿಳಿದಂತೆ. ಈ ಏರಿಳಿತ ಉಂಟುಮಾಡುವ ಸುರುಳಿಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕಾಂತಕ್ಷೇತ್ರದಲ್ಲಿರುವ ವಿದ್ಯುದ್ವಾಹಕದ ಮೇಲೆ ಬಲ ಬೀಳುತ್ತದೆಂದು ಹತ್ತನೆಯ ತರಗತಿಯಲ್ಲಿ ಫ್ಲೆಮಿಂಗನ ಎಡಗೈ ನಿಯಮ ಹೇಳುತ್ತದೆ. ಆ ಬಲಕ್ಕೆ ಸುರುಳಿ ಅದುರುತ್ತದೆ, ಧ್ವನಿವರ್ಧಕದಂತೆ ಸದ್ದು ಮಾಡುತ್ತದೆ. ಹುಡುಗಿಯ ಪ್ರಶ್ನೆಗೆ ಉತ್ತರ ಅವಳ ಶಾಲಾ ಚೀಲದಲ್ಲೇ ಇತ್ತು!

ಹೀಗೆ ಬಂದ ಸಂಕೇತ ಸಂಗೀತ ಕಛೇರಿಯ ಧ್ವನಿಮುದ್ರಣದಂತೆ ಎಲ್ಲ ಬೆರೆತ ಒಂದೇ ಅಲೆ. ಅದರಿಂದ ಪಿಟೀಲು ಎಷ್ಟು, ಮೃದಂಗ ಎಷ್ಟು, ತಂಬೂರಿ ಎಷ್ಟು ಎಂದು ಬಿಡಿಸಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫೂರಿಯೇ ತೋರಿಸಿಕೊಟ್ಟ ಗಣಿತ, 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ಲೆಕ್ಕಾಚಾರದ ಕ್ರಮ, ಇವೆರಡರ ಬಲದಿಂದ ಕಂಪ್ಯೂಟರು ಈ ಕೆಲಸ ಮಾಡುತ್ತದೆ. 256 ಸಾಲು, 256 ಕಂಬದ ಒಂದು ಚಿತ್ರಕ್ಕೆ 65,536 ಚುಕ್ಕೆಗಳು. ಪ್ರತಿ ಚುಕ್ಕೆಯೂ ಲೆಕ್ಕದ ಫಲ. ಎಂ.ಆರ್.ಐ. ಚಿತ್ರವನ್ನು ತೆಗೆಯುತ್ತಾರೆ ಎನ್ನುವುದಕ್ಕಿಂತ ಲೆಕ್ಕ ಹಾಕುತ್ತಾರೆ ಎನ್ನುವುದೇ ಸರಿ. ಲಾಟರ್‌ಬರ್ ಮತ್ತು ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ 2003ರಲ್ಲಿ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಒಬ್ಬರು ರಸಾಯನ ವಿಜ್ಞಾನಿ, ಇನ್ನೊಬ್ಬರು ಭೌತವಿಜ್ಞಾನಿ. ಇಬ್ಬರೂ ವೈದ್ಯರಲ್ಲ ಎಂಬುದನ್ನು ಪೋಷಕರು ಗಮನಿಸಬೇಕು.

ಬೆಂಗಳೂರಿನ ಹರಿಯುವ ನೀರು

ಇದೆಲ್ಲ ಪರದೇಶದ ಕಥೆ ಎಂದುಕೊಳ್ಳಬೇಕಾಗಿಲ್ಲ. ಜಾಲಹಳ್ಳಿಯಿಂದ ಹೊರಟು ಯಶವಂತಪುರ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಅದೇ ಆವರಣದಲ್ಲಿ, ಜಿ. ಸೂರ್ಯನ್ ಎಂಬ ಭೌತವಿಜ್ಞಾನಿ ಒಂದು ಸರಳ ಪ್ರಶ್ನೆ ಕೇಳಿಕೊಂಡರು. ನಿಂತ ನೀರಿನ ಬದಲು ಹರಿಯುವ ನೀರಿನಿಂದ ಈ ಅನುರಣನ ಸಂಕೇತ ಪಡೆದರೆ ಏನಾಗುತ್ತದೆ? ನಿಂತ ನೀರಿನ ಪ್ರೋಟಾನುಗಳು ಸತತ ರೇಡಿಯೋ ತರಂಗಕ್ಕೆ ಸಿಕ್ಕು ದಣಿಯುತ್ತವೆ, ಸಂಕೇತ ಕುಗ್ಗುತ್ತದೆ. ನೀರು ಹರಿದರೆ ದಣಿಯದ ಹೊಸ ಪ್ರೋಟಾನುಗಳು ಬಂದು ಸೇರುತ್ತವೆ, ಸಂಕೇತ ಹಿಗ್ಗುತ್ತದೆ. 1951ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ಲೇಖನ ಪ್ರಕಟವಾಯಿತು. ಅಮೆರಿಕದಲ್ಲಿ ಬ್ಲಾಖ್ ಮತ್ತು ಪರ್ಸೆಲ್ ಈ ಅನುರಣನವನ್ನು ಕಂಡುಕೊಂಡು ಐದಾರು ವರ್ಷವಷ್ಟೇ ಆಗಿತ್ತು. ಎಂ.ಆರ್.ಐ. ಎಂಬ ಮಾತು ಇನ್ನೂ ಹುಟ್ಟಿರಲಿಲ್ಲ.

ಇಂದು ಔಷಧ ಚುಚ್ಚದೆಯೇ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ಒಂದು ವಿಧಾನವಿದೆ. ಸುತ್ತಲಿನ ನಿಶ್ಚಲ ಅಂಗಾಂಶ ದಣಿದು ಕಪ್ಪಾಗಿ, ಹೊಸದಾಗಿ ಹರಿದು ಬರುವ ರಕ್ತ ಬೆಳ್ಳಗೆ ಹೊಳೆಯುತ್ತದೆ. ಪಾರ್ಶ್ವವಾಯು ಬಡಿದವರ ಕತ್ತಿನ, ಮಿದುಳಿನ ನಾಳ ಎಲ್ಲಿ ಕಟ್ಟಿಕೊಂಡಿದೆ ಎಂದು ತೋರಿಸುವ ಈ ಚಿತ್ರದ ಹಿಂದಿರುವುದು ಬೆಂಗಳೂರಿನ ಪ್ರಯೋಗಾಲಯದಲ್ಲಿ ಅಳೆದ ಅದೇ ತತ್ತ್ವ. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲದಿರುವುದು ಮಕ್ಕಳ ತಪ್ಪಲ್ಲ.

ಬೆಳಗಿನ ಬಾಟಲಿ

ಆಸ್ಪತ್ರೆಯ ಭೌತವಿಜ್ಞಾನಿಯ ದಿನ ರೋಗಿಯಿಂದಲ್ಲ, ಬಾಟಲಿಯಿಂದ ಶುರುವಾಗುತ್ತದೆ. ಅಳತೆ ಗೊತ್ತಿರುವ ದ್ರಾವಣ ತುಂಬಿದ, ಒಳಗೆ ಗೊತ್ತಿರುವ ಆಕಾರಗಳಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಯಂತ್ರದಲ್ಲಿಟ್ಟು ಚಿತ್ರ ತೆಗೆಯುತ್ತಾರೆ. ಇದಕ್ಕೆ ಫ್ಯಾಂಟಮ್ ಎಂದು ಹೆಸರು. ಗುಂಡಗಿರುವುದು ಗುಂಡಗೇ ಕಾಣುತ್ತಿದೆಯೇ? ಒಂದು ಬದಿ ಮಂಕಾಗಿದೆಯೇ? ಸಂಕೇತಕ್ಕೂ ಗದ್ದಲಕ್ಕೂ ಇರುವ ಪ್ರಮಾಣ ಕಳೆದ ತಿಂಗಳಷ್ಟೇ ಇದೆಯೇ? ತರಕಾರಿ ಅಂಗಡಿಯ ತಕ್ಕಡಿಗೂ ಮುದ್ರೆ ಹಾಕಿಸುವ ನಾವು ಕೋಟ್ಯಂತರ ರೂಪಾಯಿಯ ಯಂತ್ರವನ್ನು ಪರೀಕ್ಷಿಸದೆ ನಂಬಬಹುದೇ?

ಯಂತ್ರ ಪೂರ್ತಿ ಕೆಟ್ಟು ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ದಿನಕ್ಕಿಷ್ಟಿಷ್ಟೇ ಸೊರಗಿದರೆ ಯಾರ ಕಣ್ಣಿಗೂ ಬೀಳದು. ಚಿತ್ರ ಬರುತ್ತಲೇ ಇರುತ್ತದೆ, ಆದರೆ ಸಣ್ಣ ಗೆಡ್ಡೆಯೊಂದು ಆ ಮಂಕಿನಲ್ಲಿ ಮುಚ್ಚಿಹೋಗಬಹುದು. ಅದನ್ನು ಹಿಡಿಯುವುದು ಪ್ರತಿದಿನದ ಈ ನೀರಸ ಅಳತೆಯೇ.

ಕೆಲವು ದಿನ ಪತ್ತೇದಾರಿ ಕೆಲಸವೂ ಇರುತ್ತದೆ. ಚಿತ್ರದ ಅಡ್ಡಕ್ಕೆ ಜಿಪ್ಪಿನಂತೆ ಚುಕ್ಕೆಗಳ ಗೆರೆ ಬಿದ್ದಿದೆಯೆನ್ನಿ. ಎಂ.ಆರ್.ಐ. ಕೋಣೆಯ ಗೋಡೆ, ಬಾಗಿಲು, ಚಾವಣಿಗೆಲ್ಲ ಲೋಹದ ಹೊದಿಕೆ ಇರುತ್ತದೆ, ಹೊರಗಿನ ರೇಡಿಯೋ ತರಂಗ ಒಳಗೆ ಬರಬಾರದೆಂದು. ಗೆರೆ ಬಿತ್ತೆಂದರೆ ಎಲ್ಲೋ ಕಿಂಡಿ ಇದೆ. ಬಾಗಿಲಂಚಿನ ತಾಮ್ರದ ಪಟ್ಟಿ ಸವೆದಿರಬಹುದು, ಒಳಗಿನ ದೀಪವೊಂದು ಗದ್ದಲ ಮಾಡುತ್ತಿರಬಹುದು. ಇನ್ನೊಮ್ಮೆ ರೋಗಿಯ ಮೂಗು ತಲೆಯ ಹಿಂಭಾಗದಲ್ಲಿ ಮೂಡುತ್ತದೆ! ಸಿನಿಮಾದಲ್ಲಿ ಗಾಡಿ ಮುಂದೆ ಓಡುತ್ತಿದ್ದರೂ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ? ಎರಡಕ್ಕೂ ಕಾರಣ ಒಂದೇ: ಸಾಕಷ್ಟು ಬಾರಿ ಅಳೆಯದಿರುವುದು. ಕಾರಣ ತಿಳಿದವರು ನಿಮಿಷದಲ್ಲಿ ಸರಿಪಡಿಸುತ್ತಾರೆ. ತಿಳಿಯದಿದ್ದರೆ ರೋಗಿ ಇನ್ನೊಮ್ಮೆ ಮಲಗಬೇಕು.

ಒಂದು ಸಂಖ್ಯೆ, ಒಂದು ಮಗು

ಈ ವೃತ್ತಿಯಲ್ಲಿ ಕಂಪ್ಯೂಟರಿಗೆ ಏಕಿಷ್ಟು ಮಹತ್ತ್ವ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಥಲಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ತೀವ್ರ ಸ್ವರೂಪವಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕಾಗುತ್ತದೆ. ಪ್ರತಿ ಬಾಟಲಿ ರಕ್ತದ ಜೊತೆಗೂ ಕಬ್ಬಿಣ ದೇಹ ಸೇರುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಅದು ಯಕೃತ್ತಿನಲ್ಲಿ, ಹೃದಯದಲ್ಲಿ ಕೂತು ಹೃದಯವನ್ನೇ ಸೋಲಿಸುತ್ತದೆ. ಕಬ್ಬಿಣ ಹೊರತೆಗೆಯುವ ಔಷಧಗಳಿವೆ. ಆದರೆ ಎಷ್ಟು ಕೊಡಬೇಕು?

ಇಲ್ಲಿ ಎಂ.ಆರ್.ಐ. ನೆರವಿಗೆ ಬರುತ್ತದೆ. ಕಬ್ಬಿಣವಿರುವ ಕಡೆ ಕಾಂತಕ್ಷೇತ್ರ ಕದಡಿ, ಪ್ರೋಟಾನಿನ ಸಂಕೇತ ಬೇಗ ಆರಿಹೋಗುತ್ತದೆ. ಆರುವ ವೇಗವನ್ನು ಸೂಚಿಸುವ ಅಳತೆಗೆ ಟಿ-ಟೂ-ಸ್ಟಾರ್ ಎನ್ನುತ್ತಾರೆ. 1.5 ಟೆಸ್ಲಾ ಯಂತ್ರದಲ್ಲಿ ಹೃದಯದ ಸ್ನಾಯುವಿನ ಈ ಅಳತೆ 20 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಕಬ್ಬಿಣ ಕೂಡಿದೆ ಎಂದರ್ಥ, 10ಕ್ಕಿಂತ ಕೆಳಗಿಳಿದರೆ ಅಪಾಯ. 2001ರಲ್ಲಿ ಲಂಡನ್ನಿನ ತಂಡವೊಂದು ಪ್ರಕಟಿಸಿದ ಈ ವಿಧಾನ ಎಷ್ಟೋ ಮಕ್ಕಳ ಜೀವ ಉಳಿಸಲು ನೆರವಾಗಿದೆ.

ಆದರೆ ಗಮನಿಸಿ. ಈ ಸಂಖ್ಯೆಯನ್ನು ಯಾರೂ ಕಣ್ಣಿನಿಂದ ನೋಡಿ ಓದುವುದಿಲ್ಲ. ಬೇರೆ ಬೇರೆ ಕ್ಷಣಗಳಲ್ಲಿ ಅಳೆದ ಸಂಕೇತದ ಬಿಂದುಗಳ ಮೂಲಕ ಕಂಪ್ಯೂಟರು ಒಂದು ಇಳಿಜಾರು ವಕ್ರರೇಖೆ ಎಳೆದು ಲೆಕ್ಕ ಹಾಕುತ್ತದೆ. ಕಬ್ಬಿಣ ತುಂಬಾ ಹೆಚ್ಚಿರುವ ಮಗುವಿನಲ್ಲಿ ಸಂಕೇತ ಒಮ್ಮೆಲೇ ಆರಿ, ಆಮೇಲೆ ಉಳಿಯುವುದು ಬರೀ ಗದ್ದಲ. ಗದ್ದಲ ಆರುವುದಿಲ್ಲ, ಹಾಗೇ ಸಮತಟ್ಟಾಗಿ ಇರುತ್ತದೆ. ತಿಳಿಯದೆ ಬರೆದ ಪ್ರೋಗ್ರಾಂ ಆ ಗದ್ದಲವನ್ನೂ ಸಂಕೇತವೆಂದೇ ಸೇರಿಸಿಕೊಂಡರೆ ರೇಖೆ ನಿಧಾನವಾಗಿ ಇಳಿದಂತೆ ಕಾಣುತ್ತದೆ. ಬರುವ ಸಂಖ್ಯೆ ಇರಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ. ಅಂದರೆ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವ ಮಗುವೇ ಕಾಗದದ ಮೇಲೆ ಕ್ಷೇಮವಾಗಿ ಕಾಣುತ್ತದೆ! ಯಂತ್ರ ಕೆಟ್ಟಿಲ್ಲ, ಡಾಕ್ಟರು ತಪ್ಪಿಲ್ಲ, ಆದರೂ ಔಷಧ ಕಡಿಮೆಯಾಯಿತು.

ಇಂಥ ಕಡೆ ಬೇಕು ನಾಲ್ಕನೆಯ ವ್ಯಕ್ತಿ. ಎಷ್ಟು ಬೇಗ ಸಂಕೇತ ಆರುತ್ತದೆಂದು ಮೊದಲೇ ಗೊತ್ತಿರುವ ದ್ರಾವಣದ ಬಾಟಲಿಗಳನ್ನಿಟ್ಟು ಪ್ರೋಗ್ರಾಮನ್ನು ಪರೀಕ್ಷಿಸುವುದು, ಗದ್ದಲದ ಬಿಂದುಗಳನ್ನು ಬಿಡುವಂತೆ ತಿದ್ದುವುದು, ಕಂಪನಿ ಹೊಸ ತಂತ್ರಾಂಶ ಹಾಕಿದಾಗ ಹಳೆಯ ಉತ್ತರವೇ ಬರುತ್ತದೆಯೇ ಎಂದು ಮತ್ತೆ ನೋಡುವುದು, ಎಲ್ಲವನ್ನೂ ಬರೆದಿಡುವುದು, ಇವೆಲ್ಲ ಅವರ ಕೆಲಸ. ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂಗಳು ಆಸ್ಪತ್ರೆಗೆ ಕಾಲಿಟ್ಟಿರುವ ಈ ದಿನಗಳಲ್ಲಿ ಕೆಲಸ ಕಡಿಮೆಯಾಗಿಲ್ಲ, ಹೆಚ್ಚಿದೆ. ಯಂತ್ರ ತಾನೇ ತುಂಬಿದ ಚುಕ್ಕೆ ಯಾವುದು, ದೇಹದಿಂದ ಬಂದ ಚುಕ್ಕೆ ಯಾವುದು ಎಂದು ಕೇಳುವವರು ಬೇಕಲ್ಲ.

ಕರೆಂಟು ಹೋದರೂ ಹೋಗದ ಆಯಸ್ಕಾಂತ

ಇನ್ನೊಂದು ಹೊಣೆ ಸುರಕ್ಷತೆಯದು. ಸಾಮಾನ್ಯ ಎಂ.ಆರ್.ಐ. ಆಯಸ್ಕಾಂತದ ಸುರುಳಿ ನಿಯೋಬಿಯಂ-ಟೈಟೇನಿಯಂ ತಂತಿಯದು. ದ್ರವ ಹೀಲಿಯಂನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ಅದು ಅತಿವಾಹಕವಾಗುತ್ತದೆ. ಒಮ್ಮೆ ಹರಿಸಿದ ವಿದ್ಯುತ್ತು ಸುತ್ತುತ್ತಲೇ ಇರುತ್ತದೆ. ರಾತ್ರಿ ದೀಪ ಆರಿಸಿದರೂ, ಊರಿಗೆಲ್ಲ ಕರೆಂಟು ಹೋದರೂ ಆಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. ಅದರ ಬಲ ಭೂಮಿಯ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟು.

2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಯೊಬ್ಬರು ಆಮ್ಲಜನಕದ ಸಿಲಿಂಡರು ಹಿಡಿದು ಎಂ.ಆರ್.ಐ. ಕೋಣೆಗೆ ಹೋದರು. ಯಂತ್ರ ಆಫ್ ಆಗಿದೆ ಎಂದು ಅವರಿಗೆ ಹೇಳಲಾಗಿತ್ತೆಂದು ವರದಿಯಾಯಿತು. ಸಿಲಿಂಡರಿನೊಂದಿಗೆ ಯಂತ್ರಕ್ಕೆ ಸೆಳೆಯಲ್ಪಟ್ಟ ಆ ಯುವಕ ಬದುಕಲಿಲ್ಲ. 'ಈ ಆಯಸ್ಕಾಂತ ಎಂದೂ ಆಫ್ ಆಗುವುದಿಲ್ಲ' ಎಂಬ ಒಂದೇ ವಾಕ್ಯ ವಾರ್ಡಿನ ಆಯಾ, ಕಾವಲುಗಾರ, ಗಾಲಿಕುರ್ಚಿ ತಳ್ಳುವವರು ಎಲ್ಲರಿಗೂ ಮನದಟ್ಟಾಗಿದ್ದರೆ? ಅದನ್ನು ಅವರವರ ಭಾಷೆಯಲ್ಲಿ ಹೇಳಿಕೊಡುವುದೂ ಭೌತವಿಜ್ಞಾನಿಯ ಕೆಲಸವೇ. ಸೆರಗಿನ ಸೇಫ್ಟಿ ಪಿನ್ನು, ಜಡೆಯ ಹೇರ್‌ಪಿನ್ನು, ತೋಳಿನ ತಾಯಿತ, ಎದೆಯೊಳಗಿನ ಪೇಸ್‌ಮೇಕರು, ಮುರಿದ ಮೂಳೆಗೆ ಹಾಕಿದ ಪಟ್ಟಿ, ಯಾವುದು ಒಳಗೆ ಹೋಗಬಹುದು, ಯಾವುದು ಕೂಡದು, ಹೋದರೆ ಎಷ್ಟು ಬಿಸಿಯಾದೀತು ಎಂದು ಲೆಕ್ಕ ಹಾಕಬೇಕು. ಕನ್ನಡ ಬಲ್ಲ ವಿಜ್ಞಾನಿಗೆ ಇಲ್ಲಿ ಇಂಗ್ಲಿಷ್ ಒಂದೇ ಸಾಲದು.

ಓದುವುದೇನು, ಕೆಲಸವೆಲ್ಲಿ?

ಪೋಷಕರು ಕೇಳುವ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಸೈಂಟಿಸ್ಟ್ ಎಂಬುದು ಕಾನೂನಿನ ರಕ್ಷಣೆಯುಳ್ಳ ಹೆಸರು. ಪದವಿಯ ನಂತರ ಸಾಮಾನ್ಯವಾಗಿ ಮೂರು ವರ್ಷ ಆಸ್ಪತ್ರೆಯಲ್ಲೇ ತರಬೇತಿ, ಜೊತೆಗೆ ಸ್ನಾತಕೋತ್ತರ ಪದವಿ, ಬಳಿಕ ನೋಂದಣಿ. ನಮ್ಮಲ್ಲಿ ಹಾಗಿಲ್ಲ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ವೈದ್ಯಕೀಯ ಭೌತವಿಜ್ಞಾನಿ ಇರಲೇಬೇಕೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮವಿದೆ. ಎಂ.ಆರ್.ಐ.ನಲ್ಲಿ ಅಂಥ ವಿಕಿರಣ ಇಲ್ಲವಾದ್ದರಿಂದ ಅದು ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ನಿಯಮ ಇಲ್ಲದ ಕಡೆ ಹುದ್ದೆಯೂ ವಿರಳ. ನಾಲ್ಕನೆಯ ಕುರ್ಚಿ ಬಹುತೇಕ ಆಸ್ಪತ್ರೆಗಳಲ್ಲಿ ಖಾಲಿ ಇದೆ ಎನ್ನುವುದಕ್ಕಿಂತ, ಕುರ್ಚಿಯನ್ನೇ ಹಾಕಿಲ್ಲ ಎನ್ನಬೇಕು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಪಿ.ಯು.ಸಿ. ವಿಜ್ಞಾನದ ನಂತರ ಮುಖ್ಯವಾಗಿ ಮೂರು ಹಾದಿಗಳು. ಒಂದು, ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯಲ್ಲಿ ಬಿ.ಎಸ್ಸಿ. ಓದಿ ಯಂತ್ರ ನಡೆಸುವ ತಂತ್ರಜ್ಞರಾಗುವುದು. ಎರಡು, ಭೌತಶಾಸ್ತ್ರದಲ್ಲಿ ಬಿ.ಎಸ್ಸಿ., ಆಮೇಲೆ ಭೌತಶಾಸ್ತ್ರ ಅಥವಾ ವೈದ್ಯಕೀಯ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ, ಮಣಿಪಾಲದಲ್ಲಿ ಇಂಥ ಶಿಕ್ಷಣವಿದೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಡಿಪ್ಲೊಮಾ ಹಳೆಯದು, ಹೆಸರುವಾಸಿ. ಇವುಗಳ ಒತ್ತು ವಿಕಿರಣ ಚಿಕಿತ್ಸೆಯ ಮೇಲೆ, ಆದರೆ ಹೊಟ್ಟೆಪಾಡಿಗೆ ಅದು ಗಟ್ಟಿ ನೆಲ. ಜಾಹೀರಾತು ನೋಡಿ ಹಣ ಕಟ್ಟುವ ಮೊದಲು ಆ ಕೋರ್ಸಿಗೆ ಮಂಡಳಿಯ ಮಾನ್ಯತೆ ಇದೆಯೇ ಎಂದು ಕೇಳಿ. ಮೂರು, ಎಲೆಕ್ಟ್ರಾನಿಕ್ಸ್, ಬಯೋಮೆಡಿಕಲ್ ಅಥವಾ ಕಂಪ್ಯೂಟರ್ ಎಂಜಿನಿಯರಿಂಗ್ ಓದಿ ಚಿತ್ರಣದ ತಂತ್ರಾಂಶದ ಕಡೆ ತಿರುಗುವುದು.

ಈ ಮೂರನೆಯ ಹಾದಿಗೆ ಬೆಂಗಳೂರಿಗಿಂತ ಒಳ್ಳೆಯ ಊರು ದೇಶದಲ್ಲಿ ಅಪರೂಪ. ವೈಟ್‌ಫೀಲ್ಡಿನಲ್ಲಿ ಜಿಇ, ನಗರದ ಇತರೆಡೆ ಫಿಲಿಪ್ಸ್, ಸೀಮೆನ್ಸ್ ಕಂಪನಿಗಳ ವೈದ್ಯಕೀಯ ಯಂತ್ರಗಳ ಕೇಂದ್ರಗಳಿವೆ. ಅರ್ಜುನ್ ಅರುಣಾಚಲಂ ಕಟ್ಟಿದ ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಎಂಬ ಸಣ್ಣ ಕಂಪನಿ 1.5 ಟೆಸ್ಲಾದ ಸ್ವದೇಶಿ ಎಂ.ಆರ್.ಐ. ಯಂತ್ರವನ್ನೇ ರೂಪಿಸಿತು. 2023ರ ಆಗಸ್ಟ್‌ನಲ್ಲಿ ಅದು ದೆಹಲಿಯಲ್ಲಿ ಅನಾವರಣಗೊಂಡಿತು. ಸಂಶೋಧನೆಯಲ್ಲಿ ಆಸಕ್ತಿಯಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಮಿದುಳಿನ ಚಿತ್ರಣಕ್ಕೆ ನಿಮ್ಹಾನ್ಸ್ ಇದೆ. ಸ್ವದೇಶಿ ಯಂತ್ರಗಳು ಜಿಲ್ಲಾ ಆಸ್ಪತ್ರೆಗಳಿಗೂ ಹೋಗಬೇಕಾದರೆ ಅವುಗಳನ್ನು ಅಳೆದು, ಪರೀಕ್ಷಿಸಿ, ನಂಬಿಕೆಗೆ ಅರ್ಹವೆಂದು ಹೇಳುವವರು ಬೇಕೇ ಬೇಕು. ಕುರ್ಚಿ ಹಾಕುವ ಕಾಲ ಬಂದಾಗ ಕೂರಲು ತಯಾರಾದವರು ಇರಬೇಕಲ್ಲವೇ?

ತಯಾರಿ ಇಂದೇ ಆರಂಭಿಸಬಹುದು. ಗಣಿತವನ್ನು ಬಿಡಬೇಡಿ. ತ್ರಿಕೋನಮಿತಿಯ ಸೈನ್, ಕೊಸೈನ್‌ಗಳೇ ಮುಂದೆ ಫೂರಿಯೇಯ ಮೆಟ್ಟಿಲುಗಳು. ಪೈಥಾನ್‌ನಂಥ ಒಂದು ಕಂಪ್ಯೂಟರ್ ಭಾಷೆ ಕಲಿಯಿರಿ. ಪ್ರಯೋಗದ ಪುಸ್ತಕದಲ್ಲಿ ಬರಬೇಕಾದ ಉತ್ತರವನ್ನಲ್ಲ, ಬಂದ ಉತ್ತರವನ್ನೇ ಬರೆಯುವ ಅಭ್ಯಾಸ ಮಾಡಿ. ಗದ್ದಲವನ್ನು ಗದ್ದಲವೆಂದು ಒಪ್ಪುವ ಆ ಪ್ರಾಮಾಣಿಕತೆಯೇ ನಾಳೆ ಒಂದು ಮಗುವಿನ ಔಷಧವನ್ನು ನಿರ್ಧರಿಸಬಹುದು.

ಪೋಷಕರಿಗೊಂದು ಮಾತು. ಆಸ್ಪತ್ರೆಯಲ್ಲಿ ಜೀವ ಉಳಿಸಬೇಕೆಂದರೆ ಎಂ.ಬಿ.ಬಿ.ಎಸ್. ಒಂದೇ ಬಾಗಿಲಲ್ಲ. ಮೆಡಿಕಲ್ ಸೀಟು ಸಿಗಲಿಲ್ಲವೆಂದು ಮಂಕಾಗಿ ಕೂತ ಮಗ, ಬಿ.ಎಸ್ಸಿ. ಫಿಸಿಕ್ಸ್ ಓದುತ್ತೇನೆಂದು ಹಟ ಹಿಡಿದ ಮಗಳು ಮನೆಯಲ್ಲಿದ್ದರೆ ಈ ಬಾಗಿಲನ್ನೂ ತೋರಿಸಿ. ದಾರಿ ಕಿರಿದು ಎಂಬುದನ್ನೂ ಮುಚ್ಚಿಡಬೇಡಿ.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ: ಒಂದು ಬುಗುರಿ ಆಡಿಸಿ. ಅದು ಓಲಾಡಲು ಶುರು ಮಾಡಿದಾಗ ಒಂದು ಸುತ್ತು ಓಲಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ಅಳೆಯಿರಿ. ಹತ್ತು ಬಾರಿ ಅಳೆದು ಹತ್ತೂ ಉತ್ತರಗಳನ್ನು ಬರೆದಿಡಿ. ಹತ್ತೂ ಒಂದೇ ಆಗಿರುವುದಿಲ್ಲ. ಏಕೆ ಎಂದು ಯೋಚಿಸಿ. ತಾತ ಸ್ಕ್ಯಾನ್ ಮುಗಿಸಿ ಹೊರಬಂದಾಗ ಆ ಸದ್ದು ಏನೆಂದು ಅವರಿಗೆ ವಿವರಿಸಲು ನಿಮಗೆ ಬರಬೇಕು.